ಲಕ್ಕಮ್ಮನ ಕಣ್ಣಳತೆ



ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಕೇಳದವರು ನಮ್ಮಲ್ಲಿ ವಿರಳ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳಲ್ಲಿ ಪತಿ ಮಾರಯ್ಯನದು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಆತ ತಂದ ಅಕ್ಕಿ ನಿತ್ಯದ ಪ್ರಮಾಣಕ್ಕಿಂತ ಹೆಚ್ಚಾಗಿತ್ತು. ಲಕ್ಕಮ್ಮ ಕಂಡೊಡನೆ ಪ್ರಶ್ನಿಸಿದಳು. ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳಿಗೆ ಪ್ರತ್ಯೇಕ ಸ್ಥಾನವೇ ಇದೆ.

ಈ ಪ್ರಸಂಗವನ್ನು ಆಸೆಯ ನಿರಾಕರಣೆಗೆ, ಸಂಗ್ರಹಬುದ್ಧಿಯ ಖಂಡನೆಗೆ ನಿದರ್ಶನವಾಗಿ ವ್ಯಾಖ್ಯಾನಿಸುವುದು ವಾಡಿಕೆ. ಆ ವ್ಯಾಖ್ಯಾನ ಸರಿಯಾದುದೇ. ಆದರೆ ಮೂವತ್ತೊಂದು ವರ್ಷ ಶುಶ್ರೂಷೆಯ ಕಾಯಕದಲ್ಲಿದ್ದ ನನ್ನನ್ನು ಹಿಡಿದು ನಿಲ್ಲಿಸುವುದು ಅದಕ್ಕಿಂತ ಮೊದಲಿನ ಒಂದು ಸಣ್ಣ ಸಂಗತಿ. ಲಕ್ಕಮ್ಮ ಆಸೆಯ ಮಾತನ್ನೆತ್ತುವ ಮುನ್ನ ಅಕ್ಕಿಯನ್ನು ನೋಡಿದ್ದಳು. ಇಂದಿನದು ನಿನ್ನೆಯಂತಿಲ್ಲ ಎಂಬುದು ಆಕೆಯ ಕಣ್ಣಿಗೆ ಹೊಳೆಯಿತು. ಹೊಳೆದುದನ್ನು ಗಂಡನೆಂಬ ಸಂಕೋಚದಿಂದ ನುಂಗಿಕೊಳ್ಳದೆ ಕೇಳಿದಳು. ಮತ್ತೊಂದು ಸಂಗತಿಯನ್ನು ನಾವು ಮರೆಯುತ್ತೇವೆ: ಮಾರಯ್ಯ ‘ನಿನಗೇನು ತಿಳಿಯುತ್ತದೆ’ ಎನ್ನಲಿಲ್ಲ. ಹಿಂದಿರುಗಿ ನಡೆದ.

ಶರಣರಲ್ಲಿ ವೈದ್ಯ ಸಂಗಣ್ಣನವರೂ ಇದ್ದರು. ‘ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ವಚನಗಳನ್ನು ನುಡಿದವರು. ಔಷಧದ ವಿಷಯ ಬರೆಯುವುದಾದರೆ ಅವರನ್ನೇ ಆಶ್ರಯಿಸಬಹುದಲ್ಲವೇ ಎಂದು ಶ್ರೀಮಠದ ಬುದ್ಧಿಯವರು ಕೇಳಿದರು. ಔಷಧವನ್ನು ಬರೆದುಕೊಡುವವರ ಕಾಯಕ ಬೇರೆ, ಬರೆದುದನ್ನು ಅಳೆದು ರೋಗಿಯ ಮೈಗೆ ಸೇರಿಸುವವರ ಕಾಯಕ ಬೇರೆ. ನನ್ನದು ಎರಡನೆಯದು. ಅದಕ್ಕೆ ಲಕ್ಕಮ್ಮನೇ ಗುರು ಎಂದು ಬಿನ್ನವಿಸಿಕೊಂಡೆ. ಹಾಗೆ ಹೇಳುವುದಕ್ಕೆ ಕಾರಣವಾದ ಒಂದು ರಾತ್ರಿಯನ್ನು ಇಲ್ಲಿ ಬರೆಯಬೇಕಾಗಿದೆ. ಬಹುಕಾಲ ಇದನ್ನು ಯಾರಿಗೂ ಹೇಳಿರಲಿಲ್ಲ.

2006ರ ಮಳೆಗಾಲ. ಬೆಂಗಳೂರಿನ ಒಂದು ಆಸ್ಪತ್ರೆಯ ಪುರುಷರ ವಾರ್ಡಿನಲ್ಲಿ ನನಗೆ ರಾತ್ರಿಪಾಳಿ. ನಲವತ್ತು ಹಾಸಿಗೆಗಳಿಗೆ ನಾನೊಬ್ಬಳೇ. ಜೊತೆಗೆ ಒಬ್ಬ ಆಯಾ. ಕಿಟಕಿಯ ಬದಿಯ ಹಾಸಿಗೆಯಲ್ಲಿ ನಮ್ಮ ಮಂಡಿಕಲ್ ಹೋಬಳಿಯ ಕಡೆಯ ಒಬ್ಬ ವೃದ್ಧರು ಕಾಲಿನ ಹುಣ್ಣಿಗಾಗಿ ದಾಖಲಾಗಿದ್ದರು. ಮಧುಮೇಹ ಹಳೆಯದು. ಅವರ ಮಡದಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡುವುದಕ್ಕೆ ಮಾತ್ರ ತೆಲುಗು. ನಮ್ಮ ಸೀಮೆಯನ್ನು ಬಲ್ಲವರಿಗೆ ಇದು ವಿಶೇಷವಲ್ಲ. ಚಿಕ್ಕಬಳ್ಳಾಪುರದಿಂದ ಉತ್ತರಕ್ಕೆ ಹೋದಂತೆ ಶಾಲೆಯ ಭಾಷೆ ಕನ್ನಡ, ಒಲೆಯ ಮುಂದಿನ ಭಾಷೆ ತೆಲುಗು ಎಂಬ ಮನೆಗಳು ಎಷ್ಟೋ. ಊರ ಕಡೆಯವಳೆಂದು ತಿಳಿದ ಮೇಲೆ ಆ ತಾಯಿ ನನ್ನನ್ನು ಬಹಳ ಅಕ್ಕರೆಯಿಂದ ಕಾಣುತ್ತಿದ್ದರು.

ಆ ವೃದ್ಧರಿಗೆ ರಾತ್ರಿಯ ಊಟಕ್ಕೆ ಮುನ್ನ 20 ಯೂನಿಟ್ ಇನ್ಸುಲಿನ್ ಕೊಡಬೇಕಾಗಿತ್ತು. ಆಸ್ಪತ್ರೆಯ ದಾಸ್ತಾನು ಮುಗಿದುದರಿಂದ ಮಗ ಅಂದು ಹೊರಗಿನ ಔಷಧದಂಗಡಿಯಿಂದ ಹೊಸ ಬಾಟಲಿ ತಂದಿದ್ದ. ನಾನು ಎಂದಿನಂತೆ ಕೆಂಪು ಮುಚ್ಚಳದ ಸಿರಿಂಜು ತೆಗೆದುಕೊಂಡು, ಎಂದಿನಂತೆ 20ರ ಗೆರೆಯವರೆಗೆ ಎಳೆದೆ. ಆ ತಾಯಿ ಬಾಟಲಿಯನ್ನು ನೋಡಿ, ‘ಇದಿ ವೇರೇ ಬುಡ್ಡಿ ಕದಮ್ಮಾ’ ಎಂದರು. ಇದು ಬೇರೆ ಬಾಟಲಿಯಲ್ಲವೇನಮ್ಮಾ ಎಂದು. ನಾನು ತಲೆಯೆತ್ತಲಿಲ್ಲ. ‘ಕಂಪನಿ ಬೇರೆ, ಔಷಧ ಒಂದೇ. ನೀವು ಆಚೆ ಕುಳಿತುಕೊಳ್ಳಿ’ ಎಂದೆ. ಅವರು ಆಚೆ ಹೋಗಿ ಕುಳಿತರು.

ಇಲ್ಲಿ ಓದುಗರಿಗೆ ಒಂದು ವಿವರಣೆ ಅಗತ್ಯ. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಬಹುತೇಕ ಒಂದು ಮಿಲಿಲೀಟರಿಗೆ 40 ಯೂನಿಟ್ ಸಾಂದ್ರತೆಯಲ್ಲಿ ದೊರೆಯುತ್ತದೆ. 100 ಯೂನಿಟ್ ಸಾಂದ್ರತೆಯ ಬಾಟಲಿಗಳೂ ಉಂಟು. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜು. ಎರಡೂ ಸಿರಿಂಜುಗಳು ಹಿಡಿಸುವುದು ಒಂದೇ ಮಿಲಿಲೀಟರನ್ನು. ಗೆರೆಗಳ ಲೆಕ್ಕ ಮಾತ್ರ ಬೇರೆ. ಕೆಂಪು ಸಿರಿಂಜಿನಲ್ಲಿ 20ರ ಗೆರೆ ಎಂದರೆ ಅರ್ಧ ಮಿಲಿಲೀಟರು. 40ರ ಬಾಟಲಿಯಿಂದ ಎಳೆದರೆ ಅದು 20 ಯೂನಿಟ್; 100ರ ಬಾಟಲಿಯಿಂದ ಎಳೆದರೆ 50 ಯೂನಿಟ್. ಎರಡೂವರೆ ಪಾಲು ಹೆಚ್ಚು. ಕಣ್ಣಿಗೆ ಕಾಣುವ ದ್ರವದ ಪ್ರಮಾಣದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇರುವುದಿಲ್ಲ. ವ್ಯತ್ಯಾಸವಿರುವುದು ಬಾಟಲಿಯ ಮೇಲೆ, ಆ ನಿರಕ್ಷರಿ ತಾಯಿ ನೋಡಿದ ಜಾಗದಲ್ಲಿ. ಅಕ್ಷರ ಬಲ್ಲ ನಾನು ಆ ಜಾಗವನ್ನು ಓದಲಿಲ್ಲ.

ಒಂಬತ್ತೂವರೆಯ ಹೊತ್ತಿಗೆ ವೃದ್ಧರು ಬೆವರಿನಿಂದ ತೊಯ್ದುಹೋಗಿದ್ದರು. ಕೈಕಾಲು ತಣ್ಣಗಾಗಿತ್ತು, ಮಾತು ತೊದಲುತ್ತಿತ್ತು. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 34. ಪಾಳಿಯ ವೈದ್ಯರು ಓಡಿಬಂದರು. ಶೇಕಡ 25ರ ಡೆಕ್ಸ್ಟ್ರೋಸ್ ರಕ್ತನಾಳಕ್ಕೆ ಹೋಯಿತು. ಕೆಲವೇ ನಿಮಿಷಗಳಲ್ಲಿ ಕಣ್ಣು ತೆರೆದರು. ನಾನು ಸಿರಿಂಜಿನ ತಟ್ಟೆಯನ್ನು ಹಿಂದಿರಿಸಲು ಹೋದಾಗ ಬಾಟಲಿಯ ಮೇಲಿನ 100 ಎಂಬ ಅಂಕಿ ಕಂಡಿತು. ನೆಲ ಕುಸಿದಂತಾಯಿತು ಎಂದು ಬರೆಯುವುದು ಸುಲಭ. ನಿಜದಲ್ಲಿ ಆದದ್ದೇ ಬೇರೆ. ನನ್ನ ಕೈ ತಾನಾಗಿ ಬಾಟಲಿಯ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಿತು.

ವೈದ್ಯರು ಯುವಕರು, ಉತ್ತರ ಭಾರತದವರು, ಸಜ್ಜನರು. ‘ಊಟ ಸರಿಯಾಗಿ ಮಾಡಿರಲಿಕ್ಕಿಲ್ಲ, ಅದರಿಂದ ಹೀಗಾಗಿದೆ’ ಎಂದು ಅವರೇ ಒಂದು ಕಾರಣವನ್ನು ಕಲ್ಪಿಸಿಕೊಂಡರು. ನಾನು ತಲೆಯಾಡಿಸಿದೆ. ಬೆಳಿಗ್ಗೆ ಮತ್ತೊಮ್ಮೆ ಸಕ್ಕರೆ ನೋಡಿದರಾಯಿತೆಂದು ಅವರು ಚೀಟಿ ಬರೆಯತೊಡಗಿದರು. ಅಷ್ಟರಲ್ಲಿ ಆ ತಾಯಿ ಎದ್ದು ಬಂದು, ‘ಪೂರಾ ತಿನ್ನಾಡು ಸಾಮೀ’ ಎಂದರು. ಊಟವನ್ನು ಪೂರ್ತಿ ಮಾಡಿದ್ದಾರೆ ಸ್ವಾಮಿ ಎಂದು. ವೈದ್ಯರಿಗೆ ತೆಲುಗು ತಿಳಿಯದು. ಅವರು ನನ್ನ ಮುಖ ನೋಡಿದರು: ಏನನ್ನುತ್ತಾರೆ ಸಿಸ್ಟರ್?

ಆ ವಾರ್ಡಿನಲ್ಲಿ ಆ ಮಾತನ್ನು ದಾಟಿಸಬಲ್ಲವಳು ನಾನೊಬ್ಬಳೇ. ದಾಟಿಸದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನನಗೆ ತಿಳಿದಿದ್ದ ಇನ್ನೊಂದು ಸಂಗತಿ ಅವರಿಬ್ಬರಿಗೂ ತಿಳಿದಿರಲಿಲ್ಲ. ಚರ್ಮದಡಿ ಕೊಟ್ಟ ಆ ಇನ್ಸುಲಿನ್ ಆರೆಂಟು ಗಂಟೆಗಳ ಕಾಲ ಕೆಲಸ ಮಾಡುತ್ತದೆ. ಡೆಕ್ಸ್ಟ್ರೋಸಿನ ಬಲ ಅಷ್ಟು ಹೊತ್ತು ನಿಲ್ಲುವುದಿಲ್ಲ. ಕಾರಣ ತಿಳಿಯದೆ ಬೆಳಗಿನವರೆಗೆ ಬಿಟ್ಟರೆ ನಡುರಾತ್ರಿಯಲ್ಲಿ ಸಕ್ಕರೆ ಮತ್ತೆ ಕುಸಿಯುವುದು ಖಂಡಿತ; ಆಗ ಅವರು ನಿದ್ದೆಯಲ್ಲಿರುತ್ತಾರೆ, ಯಾರೂ ಬೆರಳು ಚುಚ್ಚುವುದಿಲ್ಲ. ‘ಪೂರ್ತಿ ಊಟ ಮಾಡಿದ್ದಾರಂತೆ ಸರ್’ ಎಂದೆ. ಆಮೇಲೆ, ‘ಇನ್ಸುಲಿನ್ ನಾನು ತಪ್ಪಿ ಕೊಟ್ಟಿದ್ದೇನೆ. ಐವತ್ತು ಯೂನಿಟ್ ಹೋಗಿದೆ’ ಎಂದೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು. ಅವರು ಬಯ್ಯಲಿಲ್ಲ. ಚೀಟಿಯನ್ನು ಹರಿದು ಹೊಸದಾಗಿ ಬರೆದರು: ಶೇಕಡ 10ರ ಡೆಕ್ಸ್ಟ್ರೋಸ್ ನಿರಂತರ, ಅರ್ಧ ಗಂಟೆಗೊಮ್ಮೆ ಸಕ್ಕರೆಯ ಪರೀಕ್ಷೆ. ರಾತ್ರಿ ಹನ್ನೆರಡಕ್ಕೆ ಡ್ರಿಪ್ಪಿನ ನಡುವೆಯೂ ಸಕ್ಕರೆ ಮತ್ತೆ 58ಕ್ಕೆ ಇಳಿಯಿತು. ಬೆಳಗಿನ ಜಾವ ಸ್ಥಿರವಾಯಿತು. ಆ ವೃದ್ಧರು ಹನ್ನೊಂದು ದಿನಗಳ ಬಳಿಕ ನಡೆದುಕೊಂಡೇ ಮನೆಗೆ ಹೋದರು.

ಆ ತಾಯಿಗೆ ನಾನೇ ಹೋಗಿ ತಿಳಿಸಿದೆ. ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ನಾನು ಕೇಳಿದೆನಲ್ಲಮ್ಮಾ ಎಂದಷ್ಟೇ ಅಂದರು.

ನನಗೆ ಮೆಮೊ ಬಂತು. ಅದು ನ್ಯಾಯವೇ, ಅದರ ಬಗ್ಗೆ ನನಗೆ ದೂರಿಲ್ಲ. ನನ್ನ ದೂರು ಇರುವುದು ಮೆಮೊ ಬಂದ ಮೇಲೂ ಕೆಂಪು ಮುಚ್ಚಳದ ಮತ್ತು ಕಿತ್ತಳೆ ಮುಚ್ಚಳದ ಸಿರಿಂಜುಗಳು ಅದೇ ಒಂದು ಡ್ರಾಯರಿನಲ್ಲಿ ಕಲಸಿಕೊಂಡೇ ಇದ್ದವು ಎಂಬ ಬಗ್ಗೆ. ಹೊರಗಿನಿಂದ ತಂದ ಬಾಟಲಿಯನ್ನು ಇಬ್ಬರು ಓದಬೇಕೆಂಬ ನಿಯಮ ಬರಲಿಲ್ಲ. ನಲವತ್ತು ಹಾಸಿಗೆಗೆ ಒಬ್ಬಳೇ ಎಂಬುದು ಬದಲಾಗಲಿಲ್ಲ. ಸಹೋದ್ಯೋಗಿನಿಯರು ಆ ಘಟನೆಯಿಂದ ಕಲಿತದ್ದು ಬಾಟಲಿಯನ್ನು ಓದುವುದನ್ನಲ್ಲ, ಬಾಯಿ ಮುಚ್ಚಿಕೊಂಡಿರುವುದನ್ನು. ‘ನೀನು ಹೇಳಬಾರದಿತ್ತು ಕಣೇ’ ಎಂದು ಒಬ್ಬಳು ಪ್ರೀತಿಯಿಂದಲೇ ಹೇಳಿದಳು.

ಲಕ್ಕಮ್ಮನ ಪ್ರಸಂಗವನ್ನು ನಾನು ಮತ್ತೆ ಓದಿದ್ದು ಆ ವರ್ಷವೇ. ಅಲ್ಲಿಯವರೆಗೆ ನಾನು ನನ್ನನ್ನು ಲಕ್ಕಮ್ಮನ ಸ್ಥಾನದಲ್ಲಿ ಕಲ್ಪಿಸಿಕೊಂಡಿದ್ದೆ. ಕಿಟಕಿಯ ಬದಿಯಲ್ಲಿ ಕುಳಿತ ಆ ತಾಯಿಯೇ ಲಕ್ಕಮ್ಮನೆಂದೂ, ನಾನು ಮಾರಯ್ಯನಾಗಬೇಕಾಗಿತ್ತೆಂದೂ ಆಗ ಹೊಳೆಯಿತು.

ಶುಶ್ರೂಷಾ ಶಾಲೆಯಲ್ಲಿ ನಮಗೆ ಐದು ‘ಸರಿ’ಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ. ಸರಿಯಾದ ದಾಖಲೆ ಎಂಬ ಆರನೆಯದು ಆಮೇಲೆ ಸೇರಿತು. ಜಗತ್ತಿನಾದ್ಯಂತ ಕಲಿಸುವ ಸೂತ್ರವಿದು. ಮಂತ್ರದಂತೆ ಉಚ್ಚರಿಸಿದರೆ ಮಾತ್ರ ಫಲವಿಲ್ಲ. ಆ ರಾತ್ರಿ ನನ್ನನ್ನು ಕೇಳಿದ್ದರೆ ಐದನ್ನೂ ಪಾಲಿಸಿದ್ದೇನೆಂದು ಆಣೆಯಿಟ್ಟು ಹೇಳುತ್ತಿದ್ದೆ.

ಮೊದಲನೆಯದಾದ ‘ಸರಿಯಾದ ರೋಗಿ’ಯನ್ನೇ ನೋಡಿ. ನಮ್ಮ ಸೀಮೆಯ ಯಾವ ವಾರ್ಡಿಗೆ ಹೋದರೂ ಇಬ್ಬರು ಮುನಿಯಮ್ಮ, ಮೂವರು ವೆಂಕಟಮ್ಮ, ಇಬ್ಬರು ನಾರಾಯಣಪ್ಪ ಸಿಗುತ್ತಾರೆ. ‘ಮುನಿಯಮ್ಮನವರಾ?’ ಎಂದು ಕೇಳಿದರೆ ಕಿವಿ ಮಂದವಾದ ಲಕ್ಷ್ಮಮ್ಮನೂ ‘ಹ್ಞೂಂ’ ಎನ್ನುತ್ತಾಳೆ. ದೊಡ್ಡವರು ಕೇಳಿದ್ದಕ್ಕೆ ಇಲ್ಲವೆನ್ನುವುದು ಮರ್ಯಾದೆಯಲ್ಲವೆಂದು ಆಕೆಯ ಭಾವನೆ. ಆದ್ದರಿಂದ ಹೆಸರನ್ನು ನಾವು ಹೇಳಬಾರದು, ಅವರಿಂದ ಹೇಳಿಸಬೇಕು: ನಿಮ್ಮ ಹೆಸರೇನು, ಯಾವೂರು, ಯಜಮಾನರ ಹೆಸರೇನು? ಕೊನೆಯ ಪ್ರಶ್ನೆಗೆ ಹಳೆಯ ತಲೆಮಾರಿನ ಹೆಂಗಸರು ಉತ್ತರಿಸುವುದಿಲ್ಲ. ಗಂಡನ ಹೆಸರನ್ನು ಬಾಯಲ್ಲಿ ತರದೆ ಪಕ್ಕದ ಹಾಸಿಗೆಯವಳ ಕಡೆಗೆ ಕೈ ತೋರಿಸುತ್ತಾರೆ. ನನಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ತಂದೆಯ ಹೆಸರನ್ನು ಕೇಳುವುದನ್ನು ಅಭ್ಯಾಸ ಮಾಡಿಕೊಂಡೆ. ಹಾಸಿಗೆಯ ಸಂಖ್ಯೆಯನ್ನಂತೂ ನಂಬಲಾಗದು. ಫ್ಯಾನಿನ ಗಾಳಿಗೆ, ಕಿಟಕಿಯ ಬೆಳಕಿಗೆ, ಊರವರ ಜೊತೆಗೆ ಎಂದು ರೋಗಿಗಳು ಸಂಜೆಯೊಳಗೆ ಜಾಗ ಬದಲಿಸಿಕೊಂಡಿರುತ್ತಾರೆ.

ಪ್ರಮಾಣದ ತಪ್ಪುಗಳು ಬಹುಪಾಲು ಬರವಣಿಗೆಯಲ್ಲಿ ಅಡಗಿರುತ್ತವೆ. 5.0 ಎಂದು ಬರೆದುದರ ಚುಕ್ಕೆ ಮಸುಕಾದರೆ 50 ಆಗುತ್ತದೆ, ಮುಂದೆ ಸೊನ್ನೆಯಿಲ್ಲದೆ.5 ಎಂದು ಬರೆದರೆ 5 ಆಗುತ್ತದೆ. ಯೂನಿಟ್ ಎಂಬುದಕ್ಕೆ ಬರೆಯುವ ‘ಯು’ ಎಂಬ ಇಂಗ್ಲಿಷ್ ಅಕ್ಷರ ತುಸು ಮುಚ್ಚಿಕೊಂಡರೆ ಅದೂ ಒಂದು ಸೊನ್ನೆಯೇ. ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ, ಆದಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ನಿಯಮವನ್ನು ತಿದ್ದಿತು. ಪಾಲನೆಯ ಬಗೆಯನ್ನು ಓದುಗರೇ ತಮ್ಮ ಮನೆಯ ಚೀಟಿಗಳನ್ನು ತೆಗೆದು ನೋಡಿಕೊಳ್ಳಬಹುದು.

ಎಲ್ಲಕ್ಕಿಂತ ಭಯಂಕರವಾದುದು ಪೊಟ್ಯಾಸಿಯಂ ಕ್ಲೋರೈಡಿನ ಚಿಕ್ಕ ಆಂಪೂಲು. ನಮ್ಮಲ್ಲಿ ಸಿಗುವುದು 10 ಮಿಲಿಲೀಟರಿನದು, ಶೇಕಡ 15ರದು. ಡ್ರಿಪ್ಪಿನ ದ್ರಾವಣದಲ್ಲಿ ಕರಗಿಸಿ ನಿಧಾನವಾಗಿ ಕೊಟ್ಟರೆ ಜೀವ ಉಳಿಸುತ್ತದೆ. ಹಾಗೆಯೇ ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಂತುಹೋಗುತ್ತದೆ. ನೋಡುವುದಕ್ಕೆ ಬಟ್ಟಿಯಿಳಿಸಿದ ನೀರಿನ ಆಂಪೂಲಿನಂತೆಯೇ ಇರುತ್ತದೆ. ಇವೆರಡನ್ನೂ ಒಂದೇ ತಟ್ಟೆಯಲ್ಲಿಟ್ಟು ದಾದಿಗೆ ‘ಎಚ್ಚರದಿಂದಿರು’ ಎನ್ನುವುದು ನಂಜಿನ ಬಟ್ಟಲನ್ನೂ ಹಾಲಿನ ಬಟ್ಟಲನ್ನೂ ಜೋಡಿಸಿಟ್ಟು ಮಗುವಿಗೆ ಬುದ್ಧಿ ಹೇಳಿದಂತೆ. ಅದನ್ನು ವಾರ್ಡಿನ ಕಪಾಟಿನಿಂದಲೇ ತೆಗೆದು ಬೇರೆಡೆ ಬೀಗದಲ್ಲಿಡುವುದು ಸರಿಯಾದ ಕ್ರಮ. ವಿವೇಕವುಳ್ಳ ಆಸ್ಪತ್ರೆಗಳು ಹಾಗೆಯೇ ಮಾಡುತ್ತವೆ.

ಇನ್ನು ಏಕಾಗ್ರತೆಯ ಮಾತು. ಇದರಲ್ಲಿ ನಮ್ಮ ಸಂಪ್ರದಾಯಕ್ಕೆ ಹೇಳುವುದಿದೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿಕೊಂಡು ದೃಷ್ಟಿಯನ್ನು ಅದರಲ್ಲಿ ನೆಟ್ಟು ಕುಳಿತವರನ್ನು ಮನೆಯಲ್ಲಿ ಯಾರೂ ಕರೆಯುವುದಿಲ್ಲ. ಬಾಗಿಲಿಗೆ ನೆಂಟರು ಬಂದರೂ ‘ಪೂಜೆಯಲ್ಲಿದ್ದಾರೆ’ ಎಂದರೆ ಸಾಕು, ಕಾಯುತ್ತಾರೆ. ಅದೇ ಅಂಗೈಯಲ್ಲಿ ಆಂಪೂಲನ್ನು ಹಿಡಿದು, ಹೆಸರು, ಸಾಂದ್ರತೆ, ಅವಧಿ ಮುಗಿಯುವ ದಿನ ಎಂದು ಓದುತ್ತಿರುವ ದಾದಿಯನ್ನು ಒಂದು ನಿಮಿಷದಲ್ಲಿ ನಾಲ್ವರು ಕರೆಯುತ್ತಾರೆ. ಸಿಸ್ಟರ್, ಡ್ರಿಪ್ ಮುಗಿಯಿತು. ಸಿಸ್ಟರ್, ಬಿಲ್ಲಿಗೆ ಸಹಿ. ಸಿಸ್ಟರ್, ಸಾಹೇಬರು ಬಂದರು. ಹೊರದೇಶಗಳ ಕೆಲವು ಆಸ್ಪತ್ರೆಗಳಲ್ಲಿ ಔಷಧ ಹಂಚುವ ದಾದಿಯರು ‘ಮಾತನಾಡಿಸಬೇಡಿ’ ಎಂದು ಬರೆದ ಕೆಂಪು ಮೇಲಂಗಿ ತೊಡುವುದನ್ನು ರೂಢಿಗೆ ತಂದರು. ನಮಗೆ ಮೇಲಂಗಿ ಬೇಕಾಗಿರಲಿಲ್ಲ. ಪೂಜೆಗೆ ಕೊಡುವ ಮೌನವನ್ನು ಕಾಯಕಕ್ಕೂ ಕೊಡಬೇಕೆಂಬುದು ಹನ್ನೆರಡನೆಯ ಶತಮಾನದಿಂದ ನಮಗೆ ಗೊತ್ತಿರಬೇಕಾದ ಸಂಗತಿ. ನುಲಿಯ ಚಂದಯ್ಯನ ಪ್ರಸಂಗವನ್ನು ವರ್ಷವರ್ಷವೂ ಕೇಳುವವರೇ ಆಸ್ಪತ್ರೆಗೆ ಹೋದಾಗ ಔಷಧದ ತಟ್ಟೆಯ ಮುಂದೆ ನಿಂತವಳ ಸೆರಗು ಎಳೆಯುತ್ತಾರೆ.

ಕೇಳುವುದು ಕಷ್ಟ, ಕೇಳಿಸಿಕೊಳ್ಳುವುದು ಇನ್ನೂ ಕಷ್ಟ. ಕಿರಿಯ ದಾದಿಯೊಬ್ಬಳು ಹಿರಿಯ ವೈದ್ಯರಿಗೆ ‘ಈ ಪ್ರಮಾಣ ಹೆಚ್ಚಲ್ಲವೇ ಸರ್’ ಎಂದು ಕೇಳಿದರೆ ಅದನ್ನು ಅಧಿಕಪ್ರಸಂಗವೆಂದು ಎಣಿಸುವ ವಾರ್ಡುಗಳನ್ನು ನಾನು ಕಂಡಿದ್ದೇನೆ. ಫೋನಿನಲ್ಲಿ ಬಂದ ಆದೇಶವನ್ನು ಬರೆದುಕೊಂಡು ಮರಳಿ ಓದಿ ಹೇಳಿದರೆ ‘ಒಮ್ಮೆ ಹೇಳಿದರೆ ತಿಳಿಯುವುದಿಲ್ಲವೇ’ ಎಂದವರೂ ಉಂಟು. ಮರಳಿ ಓದಿಸಿಕೊಂಡು, ‘ಒಳ್ಳೆಯದಾಯಿತು, ನಾನೇ ತಪ್ಪಿ ಹೇಳಿದ್ದೆ’ ಎಂದ ಒಬ್ಬ ಶಸ್ತ್ರವೈದ್ಯರೂ ಇದ್ದರು. ಅವರ ಕೈಕೆಳಗೆ ಕೆಲಸ ಮಾಡಿದ ನಾಲ್ಕು ವರ್ಷ ನನ್ನ ಸೇವೆಯ ಅತ್ಯಂತ ನಿರ್ಭಯದ ಕಾಲ.

ಜಗತ್ತು ಈ ವಿಷಯದಲ್ಲಿ ನಿಧಾನವಾಗಿ ಕಣ್ಣು ತೆರೆಯಿತು. ‘ತಪ್ಪುವುದು ಮಾನವ ಸಹಜ’ ಎಂಬರ್ಥದ ಹೆಸರಿನ ಅಮೆರಿಕದ ವರದಿ 1999ರಲ್ಲಿ ಹೊರಬಂದಾಗ, ಆ ದೇಶದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಮಂದಿ ವೈದ್ಯಕೀಯ ತಪ್ಪುಗಳಿಂದ ಸಾಯುತ್ತಿರಬಹುದೆಂಬ ಅಂದಾಜು ಎಲ್ಲರನ್ನೂ ಬೆಚ್ಚಿಬೀಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ‘ಹಾನಿಯಿಲ್ಲದ ಔಷಧೋಪಚಾರ’ ಎಂಬ ಕಾರ್ಯಕ್ರಮವನ್ನು ಕೈಗೊಂಡಿತು. ತಪ್ಪಿಸಬಹುದಾದ ತೀವ್ರ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕಿಳಿಸುವುದು ಅದರ ಗುರಿಯಾಗಿತ್ತು. 2022ರ ಸೆಪ್ಟೆಂಬರ್ 17ರ ವಿಶ್ವ ರೋಗಿ ಸುರಕ್ಷತಾ ದಿನಕ್ಕೂ ಅದೇ ವಿಷಯವನ್ನು ಆರಿಸಿಕೊಂಡರು.

ಆದರೆ ಅದೇ 2022ರಲ್ಲಿ ಅಮೆರಿಕದ ನ್ಯಾಷ್‌ವಿಲ್‌ನಲ್ಲಿ ನಡೆದುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. 2017ರ ಡಿಸೆಂಬರಿನಲ್ಲಿ ಅಲ್ಲಿನ ಒಬ್ಬ ಶುಶ್ರೂಷಕಿ ವೃದ್ಧ ರೋಗಿಯೊಬ್ಬರಿಗೆ ಮನಸ್ಸನ್ನು ಶಾಂತಗೊಳಿಸುವ ಔಷಧ ಕೊಡಬೇಕಾಗಿತ್ತು. ಗಣಕಯಂತ್ರದ ಔಷಧ ಕಪಾಟಿನಲ್ಲಿ ಹೆಸರಿನ ಮೊದಲ ಎರಡಕ್ಷರ ಒತ್ತಿದಾಗ ಸ್ನಾಯುಗಳನ್ನು ನಿಶ್ಚಲಗೊಳಿಸುವ ವೆಕುರೋನಿಯಂ ಬಂತು. ಮುಚ್ಚಳದ ಮೇಲೆ ಎಚ್ಚರಿಕೆ ಬರೆದಿತ್ತು, ಆಕೆ ಓದಲಿಲ್ಲ. ರೋಗಿ ತೀರಿಕೊಂಡರು. ಆಕೆ ತಪ್ಪನ್ನು ತಾನೇ ಒಪ್ಪಿಕೊಂಡಿದ್ದಳು. 2022ರ ಮಾರ್ಚಿನಲ್ಲಿ ನ್ಯಾಯಾಲಯ ಆಕೆಯನ್ನು ಅಪರಾಧಿಯೆಂದು ತೀರ್ಮಾನಿಸಿತು. ಮೇ ತಿಂಗಳಲ್ಲಿ ಸೆರೆವಾಸಕ್ಕೆ ಬದಲಾಗಿ ಮೂರು ವರ್ಷಗಳ ನಿಗಾ ವಿಧಿಸಿತು. ಸತ್ತವರ ಮನೆಯವರ ದುಃಖವನ್ನು ನಾನು ಕಡೆಗಣಿಸುತ್ತಿಲ್ಲ. ಓದದೆ ಕೊಟ್ಟದ್ದು ತಪ್ಪೇ. ನಾನೂ ಓದಿರಲಿಲ್ಲ. ನನ್ನ ವೃದ್ಧರು ಬದುಕಿದರು, ಆಕೆಯ ರೋಗಿ ಬದುಕಲಿಲ್ಲ. ನಮ್ಮಿಬ್ಬರ ಅಪರಾಧದ ತೂಕದಲ್ಲಿ ಬೇರೆ ವ್ಯತ್ಯಾಸ ನನಗೆ ಕಾಣುವುದಿಲ್ಲ. ನಮ್ಮ ದೇಶದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಂ, ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷಗಳವರೆಗಿನ ಶಿಕ್ಷೆಯನ್ನು ವಿಧಿಸಿ, ಚಿಕಿತ್ಸೆಯ ವೇಳೆಯಲ್ಲಿ ನೋಂದಾಯಿತ ವೈದ್ಯರಿಂದ ಆದುದಾದರೆ ಎರಡು ವರ್ಷಗಳವರೆಗೆ ಎನ್ನುತ್ತದೆ. ವೈದ್ಯರೆಂಬ ಆ ವ್ಯಾಖ್ಯೆಯಲ್ಲಿ ದಾದಿಯರು ಸೇರಿಲ್ಲ. ಬರೆದವರಿಗೆ ಎರಡು, ಬರೆದುದನ್ನು ಕೊಟ್ಟವಳಿಗೆ ಐದು. ಇದನ್ನೋದಿದ ಹುಡುಗಿಯೊಬ್ಬಳು ನಡುರಾತ್ರಿಯಲ್ಲಿ ಬಾಟಲಿಯ ಮುಖವನ್ನು ಗೋಡೆಗೆ ತಿರುಗಿಸಿಟ್ಟರೆ ಆಕೆಯೊಬ್ಬಳನ್ನೇ ಹೇಗೆ ದೂಷಿಸಲಿ?

ಎಲ್ಲ ತಪ್ಪೂ ಕೊಡುವ ಕೈಯದಲ್ಲ ಎಂಬುದನ್ನೂ ಹೇಳಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಚಿಕಿತ್ಸೆಯ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸುನೀಗಿದಾಗ ಸಂಶಯ ಹೋದದ್ದು ಡ್ರಿಪ್ಪಿನ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ. ಆ ಸರಬರಾಜಿನ ಬಳಕೆಯನ್ನು ರಾಜ್ಯ ಸರ್ಕಾರ ತಡೆಹಿಡಿಯಿತು. ಅಲ್ಲಿನ ದಾದಿಯರು ಐದು ‘ಸರಿ’ಗಳನ್ನೂ ಪಾಲಿಸಿದ್ದರೂ ಏನು ಮಾಡಲಾಗುತ್ತಿತ್ತು? ಆ ತಾಯಂದಿರನ್ನು ನೆನೆದು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ನಿವೃತ್ತಿಯ ಬಳಿಕ ನಾನು ಮಂಡಿಕಲ್ಲಿಗೆ ಮರಳಿದೆ. ಇಲ್ಲಿ ತಿಳಿದದ್ದೇನೆಂದರೆ ಆಸ್ಪತ್ರೆಯ ವಾರ್ಡಿಗಿಂತ ಮನೆಯ ಗೂಡಿನಲ್ಲಿ ಹೆಚ್ಚು ಅಪಾಯವಿದೆ. ಚೀಟಿಯಲ್ಲಿ 1-0-1 ಎಂದು ಬರೆದಿರುತ್ತದೆ, ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು. ಹೂವು ಬಿಡಿಸಲು ಮೂರು ಗಂಟೆಗೆ ಎದ್ದು ತೋಟಕ್ಕೆ ಹೋಗುವವಳಿಗೆ ಬೆಳಿಗ್ಗೆ ಎಂದರೆ ಯಾವಾಗ? ತಿಂಡಿ ತಿನ್ನುವುದು ಹತ್ತಕ್ಕೆ. ಸಕ್ಕರೆಯ ಮಾತ್ರೆ ಮಾತ್ರ ಮೂರಕ್ಕೇ ನುಂಗಿ, ಆರಕ್ಕೆ ಬದುವಿನ ಮೇಲೆ ತಲೆ ತಿರುಗಿ ಕುಳಿತವರನ್ನು ಕಂಡಿದ್ದೇನೆ. ಮಗುವಿನ ಜ್ವರದ ಪ್ಯಾರಾಸಿಟಮಾಲ್ ಇನ್ನೊಂದು. ಹನಿಯ ರೂಪದ್ದರಲ್ಲಿ ಒಂದು ಮಿಲಿಲೀಟರಿಗೇ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ ಐದು ಮಿಲಿಲೀಟರಿಗೆ 120 ಅಥವಾ 125. ಹನಿಯ ಔಷಧವನ್ನು ಸಿರಪ್ಪಿನ ಚಮಚದಲ್ಲಿ ಕುಡಿಸಿದರೆ ಎಳೆಗೂಸಿಗೆ ದೊಡ್ಡವರ ಮಾತ್ರೆಯಷ್ಟು ಹೋಗುತ್ತದೆ. ಟೊಮ್ಯಾಟೊ ಗಿಡಕ್ಕೆ ಔಷಧಿ ಹೊಡೆಯುವಾಗ ಮುಚ್ಚಳದ ಲೆಕ್ಕವನ್ನು ತಪ್ಪದೆ ಪಾಲಿಸುವ ನಮ್ಮ ರೈತರು ಮಗುವಿನ ಬಾಯಿಗೆ ಅಂದಾಜಿನಲ್ಲಿ ಸುರಿಯುವುದು ನನಗೆ ಇಂದಿಗೂ ಬಿಡಿಸಲಾಗದ ಒಗಟು.

ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಮಾತ್ರೆ. ಅದರ ಜೊತೆಗೆ ಫೋಲಿಕ್ ಆಮ್ಲದ ಮಾತ್ರೆಯನ್ನೂ ಬರೆಯುತ್ತಾರೆ. ಕೆಲವು ತಯಾರಿಕೆಗಳಲ್ಲಿ ಎರಡೂ ಚಿಕ್ಕ ಹಳದಿ ಗುಳಿಗೆಗಳು. ವಾರದ್ದನ್ನು ದಿನವೂ ನುಂಗಿದರೆ ಬಾಯಿಯೆಲ್ಲ ಹುಣ್ಣಾಗಿ, ಮೂಳೆಯ ಮಜ್ಜೆ ಸೊರಗಿ, ಪ್ರಾಣವೇ ಹೋಗಬಹುದು. ಆ ಮಾತ್ರೆ ಸೇವಿಸುವ ಪ್ರತಿ ಮನೆಗೂ ಹೋಗಿ ನಾನು ಮಾಡುವುದಿಷ್ಟೇ: ಅದನ್ನು ಬೇರೆ ಡಬ್ಬಿಗೆ ಹಾಕಿಸಿ, ‘ಸೋಮವಾರ’ ಎಂದು ದಪ್ಪಕ್ಷರದಲ್ಲಿ ಬರೆದಂಟಿಸುತ್ತೇನೆ. ಸೋಮವಾರದ ಪೂಜೆಯನ್ನು ಮರೆಯದ ಮನೆಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ.

ಭಾನುವಾರ ಮಧ್ಯಾಹ್ನ ಕೆಲವರು ತಮ್ಮ ಮಾತ್ರೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ನಮ್ಮ ಜಗಲಿಗೆ ಬರುತ್ತಾರೆ. ನಾನು ಔಷಧ ಬರೆಯುವುದಿಲ್ಲ, ಬದಲಿಸುವುದೂ ಇಲ್ಲ. ಓದಿ ಹೇಳುತ್ತೇನೆ, ಸಂಶಯ ಬಂದರೆ ವೈದ್ಯರ ಬಳಿಗೆ ಹಿಂದಕ್ಕೆ ಕಳುಹಿಸುತ್ತೇನೆ. ಕಳೆದ ತಿಂಗಳು ಒಬ್ಬ ಅಜ್ಜಿ ಮೊಮ್ಮಗಳೊಡನೆ ಬಂದಿದ್ದರು. ಐದನೆಯ ತರಗತಿಯ ಹುಡುಗಿ. ರಕ್ತದೊತ್ತಡದ ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡಿದ ಹುಡುಗಿ, ‘ಅಜ್ಜೀ, ಇದು ಹೋದ ಸಲದ್ದಲ್ಲ, ಅದು ನೀಲಿಯಾಗಿತ್ತು’ ಎಂದಳು. ಅಜ್ಜಿ ಗದರಿದರು: ದೊಡ್ಡವರ ಮಧ್ಯೆ ಬಾಯಿ ಹಾಕಬೇಡ, ಅಂಗಡಿಯವರಿಗೆ ಗೊತ್ತಿರುವುದಿಲ್ಲವೇ ಎಂದು. ಹುಡುಗಿ ಹಾಳೆಯನ್ನು ಕೆಳಗಿಟ್ಟು ಅಜ್ಜಿಯ ಬೆನ್ನ ಹಿಂದೆ ಸರಿದಳು.

ನಾನು ಕನ್ನಡಕ ಹಾಕಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದೆ. ಔಷಧದ ಮೂಲ ಹೆಸರನ್ನು ಓದಿದೆ. ಮಿಲಿಗ್ರಾಮನ್ನು ಓದಿದೆ. ಹಳೆಯ ಖಾಲಿ ಹಾಳೆ ಚೀಲದಲ್ಲಿಯೇ ಇತ್ತು. ಅದನ್ನು ಪಕ್ಕದಲ್ಲಿಟ್ಟು ಎರಡನ್ನೂ ಹುಡುಗಿಯ ಕೈಯಿಂದಲೇ ಅಕ್ಷರ ಅಕ್ಷರವಾಗಿ ಓದಿಸಿದೆ. ಎಲ್ಲವೂ ಸರಿಯಾಗಿತ್ತು. ‘ಕಂಪನಿ ಬೇರೆ, ಔಷಧ ಒಂದೇ’ ಎಂದೆ. ಆಮೇಲೆ ಆ ಮಗುವನ್ನು ಹತ್ತಿರ ಕೂರಿಸಿಕೊಂಡು, ಮುಂದಿನ ತಿಂಗಳೂ ಹೀಗೆಯೇ ನೋಡಿ ಹೇಳಬೇಕೆಂದು ಕೇಳಿಕೊಂಡೆ.